ಬರೆಹ ಹದಗೊಳ್ಳುವ ಬಗೆ

ಪರೀಕ್ಷೆಯ ಕೊಠಡಿಯಲ್ಲಾಗಲಿ, ಕಾಲೇಜಿನ ವಾರ್ಷಿಕ ಸಂಚಿಕೆಗೆ ಲೇಖನ ಬರೆಯಲು ಕುಳಿತಾಗಲಾಗಲಿ, ನಮ್ಮಲ್ಲಿ ಬಹುಮಂದಿಗೆ ಒಂದೇ ಬಗೆಯ ಅನುಭವವಾಗುವುದುಂಟು. ವಿಷಯವು ತಿಳಿದಿರುತ್ತದೆ. ಗೆಳೆಯನೊಬ್ಬನು ಕೇಳಿದರೆ ಹತ್ತು ನಿಮಿಷ ತಡೆಯಿಲ್ಲದೆ ಹೇಳಬಲ್ಲೆವು. ಆದರೆ ಬಿಳಿಯ ಹಾಳೆಯನ್ನು ಮುಂದಿಟ್ಟುಕೊಂಡೊಡನೆ ಮೊದಲನೆಯ ವಾಕ್ಯವೇ ಹೊರಡುವುದಿಲ್ಲ. ಹೊರಟ ವಾಕ್ಯವು ಸರಿಯೆನಿಸುವುದಿಲ್ಲ. ಅದನ್ನು ಹೊಡೆದುಹಾಕಿ ಇನ್ನೊಂದನ್ನು ಹೊಂದಿಸುವಷ್ಟರಲ್ಲಿ, ಮುಂದೆ ಹೇಳಬೇಕೆಂದಿದ್ದ ಮಾತು ಮರೆತುಹೋಗಿರುತ್ತದೆ. ಗಂಟೆಯ ಕೊನೆಗೆ ಉಳಿಯುವುದು ನಾಲ್ಕು ಸಾಲು, ಹತ್ತು ಚಿತ್ತು. ಬರೆಯುವ ಶಕ್ತಿ ಹುಟ್ಟಿನಿಂದ ಬರಬೇಕು, ನಮಗದು ಬಂದಿಲ್ಲ ಎಂದು ನಿಟ್ಟುಸಿರುಬಿಟ್ಟು ಎದ್ದುಬಿಡುತ್ತೇವೆ.

ಕವಿತೆಯ ಮಾತು ಬೇರೆ; ಅದರ ಹುಟ್ಟನ್ನು ಕುರಿತು ಹೇಳಲು ನಾವು ಹೊರಟಿಲ್ಲ. ಆದರೆ ತಿಳಿದ ವಿಷಯವನ್ನು ತಿಳಿಯಾಗಿ ಬರೆಯುವುದು ವರವೂ ಅಲ್ಲ, ಪವಾಡವೂ ಅಲ್ಲ. ಅದೊಂದು ಕಸುಬು. ಕುಂಬಾರನು ಮೊದಲು ಮಣ್ಣನ್ನು ತುಳಿದು ಹದಮಾಡುತ್ತಾನೆ, ಆಮೇಲೆ ತಿಗುರಿಗೇರಿಸುತ್ತಾನೆ, ತಟ್ಟಿ, ಒಣಗಿಸಿ, ಕೊನೆಗೆ ಆವಿಗೆಯಲ್ಲಿ ಸುಡುತ್ತಾನೆ. ಇವೆಲ್ಲವನ್ನೂ ಒಂದೇ ಗಳಿಗೆಯಲ್ಲಿ ಮಾಡಹೊರಟ ಕುಂಬಾರನ ಪಾಡೇನು? ಬಿಳಿಯ ಹಾಳೆಯ ಮುಂದೆ ಕುಳಿತ ನಮ್ಮ ಪಾಡೂ ಅದೇ. ವಿಷಯವನ್ನು ಹುಡುಕುವುದು, ಅಣಿಗೊಳಿಸುವುದು, ವಾಕ್ಯ ಕಟ್ಟುವುದು, ತಪ್ಪು ತಿದ್ದುವುದು, ಈ ನಾಲ್ಕು ಕೆಲಸಗಳನ್ನೂ ನಾವು ಒಮ್ಮೆಗೇ ಮಾಡಲು ಹೊರಡುತ್ತೇವೆ. ನಮ್ಮ ಮಿದುಳು ಅದಕ್ಕೆ ಒಪ್ಪುವಂತೆ ರಚಿತವಾಗಿಲ್ಲ.

ಏತಕ್ಕೆ ಒಪ್ಪುವುದಿಲ್ಲವೆಂಬುದನ್ನು ವಾಚಕರು ಈಗಲೇ ಪರೀಕ್ಷಿಸಿ ನೋಡಬಹುದು. ೫, ೨, ೯, ೪, ೭, ೧, ೮ ಎಂಬ ಅಂಕಿಗಳನ್ನು ಒಮ್ಮೆ ಓದಿ ಕಣ್ಣು ಮುಚ್ಚಿಕೊಳ್ಳಿ. ಮನಸ್ಸಿನಲ್ಲಿಯೇ ಹೇಳಿಕೊಳ್ಳುತ್ತಿರುವವರೆಗೆ ಅವು ನಿಲ್ಲುತ್ತವೆ. ಈಗ ಅವನ್ನು ನೆನಪಿನಲ್ಲಿ ಇಟ್ಟುಕೊಂಡೇ ನಲವತ್ತೇಳನ್ನು ಆರರಿಂದ ಗುಣಿಸಿ. ಗುಣಲಬ್ಧ ಬರುವಷ್ಟರಲ್ಲಿ ಅಂಕಿಗಳು ಚೆದರಿಹೋಗಿರುತ್ತವೆ. ಅಂಕಿಗಳನ್ನು ಹಿಡಿದರೆ ಗುಣಾಕಾರ ನಿಲ್ಲುತ್ತದೆ. ಮನಸ್ಸಿನಲ್ಲಿ ಹೀಗೆ ಹಿಡಿದಿಟ್ಟುಕೊಂಡು ಕೆಲಸಮಾಡುವ ಶಕ್ತಿಯನ್ನು ಮನಶ್ಶಾಸ್ತ್ರಜ್ಞರು ಕಾರ್ಯಸ್ಮೃತಿ ಎಂದು ಕರೆಯುತ್ತಾರೆ. ಒಮ್ಮೆಗೆ ನೆನಪಿನಲ್ಲಿ ನಿಲ್ಲುವ ಅಂಶಗಳು ಸುಮಾರು ಏಳು, ಎರಡು ಹೆಚ್ಚು ಅಥವಾ ಎರಡು ಕಡಮೆ, ಎಂದು ಅಮೆರಿಕದ ಜಾರ್ಜ್ ಮಿಲ್ಲರ್ ೧೯೫೬ರಲ್ಲಿ ಬರೆದನು. ಆ ಲೆಕ್ಕವೂ ಉದಾರವಾಯಿತೆಂದೂ, ಒಳಗೊಳಗೇ ಹೇಳಿಕೊಳ್ಳುವ ಉಪಾಯವನ್ನು ತಡೆದರೆ ಉಳಿಯುವುದು ನಾಲ್ಕರಷ್ಟೇ ಎಂದೂ ನೆಲ್ಸನ್ ಕೋವನ್ ೨೦೦೧ರಲ್ಲಿ ವಾದಿಸಿದನು. ಏಳೋ ನಾಲ್ಕೋ, ಅಂತೂ ನಮ್ಮ ಮನಸ್ಸಿನ ಮೇಜು ಬಹಳ ಚಿಕ್ಕದು. ಅದರ ಮೇಲೆ ವಿಷಯ, ಕ್ರಮ, ಪದ, ಒತ್ತಕ್ಷರ, ಓದುವವನ ಮುಖ ಎಲ್ಲವನ್ನೂ ಹರಡಿದರೆ ಒಂದಲ್ಲ ಒಂದು ಕೆಳಗುರುಳಲೇಬೇಕು.

ಆದುದರಿಂದ ಬರೆಯುವವನ ಉಪಕರಣಗಳೆಂದರೆ ಆ ಚಿಕ್ಕ ಮೇಜಿನ ಹೊರೆಯನ್ನು ಇಳಿಸುವ ಸಾಧನಗಳೇ ಸರಿ. ಅವು ಬೆಲೆಬಾಳುವ ವಸ್ತುಗಳೇನೂ ಅಲ್ಲ. ಅವುಗಳ ಬಳಕೆಯನ್ನು ತಿಳಿಯಲು ಒಬ್ಬ ದೊಡ್ಡ ವಿಜ್ಞಾನಿಯ ಬರೆಯುವ ಕೋಣೆಗೆ ಹೋಗಿಬರುವುದು ಒಳ್ಳೆಯದು.

ಚಾರ್ಲ್ಸ್ ಡಾರ್ವಿನ್ನನ ಹೆಸರನ್ನು ಕೇಳದ ವಿದ್ಯಾರ್ಥಿಯಿಲ್ಲ. ಜೀವಿಜಾತಿಗಳ ಉಗಮವನ್ನು ಕುರಿತು ೧೮೫೯ರ ನವೆಂಬರಿನಲ್ಲಿ ಹೊರಬಂದ ಆತನ ಗ್ರಂಥವು ಜೀವಶಾಸ್ತ್ರದ ದಿಕ್ಕನ್ನೇ ಬದಲಾಯಿಸಿತು. ಇಂಥವನಿಗೆ ಬರೆಯುವುದು ಸುಲಭವಾಗಿತ್ತೆಂದು ನಾವು ಊಹಿಸುವುದು ಸಹಜ. ನಿಜಸ್ಥಿತಿ ಬೇರೆ. ವಾಕ್ಯವೊಂದನ್ನು ಕೆಟ್ಟದಾಗಿ ಜೋಡಿಸಲು ಸಾಧ್ಯವಿದ್ದರೆ ತಾನು ಅದೇ ಜೋಡಣೆಯನ್ನು ಆರಿಸುವವನೆಂದು ಆತನು ತನ್ನನ್ನೇ ಹಾಸ್ಯಮಾಡಿಕೊಳ್ಳುತ್ತಿದ್ದನೆಂದು ಮಗ ಫ್ರಾನ್ಸಿಸ್ ಬರೆದಿಟ್ಟಿದ್ದಾನೆ. ಬರೆಯುವುದಕ್ಕೆ ಮೊದಲು ವಾಕ್ಯವನ್ನು ಮನಸ್ಸಿನಲ್ಲಿಯೇ ಪೂರ್ತಿಯಾಗಿ ತೂಗಿನೋಡುವುದು ಡಾರ್ವಿನ್ನನ ಹಿಂದಿನ ಅಭ್ಯಾಸವಾಗಿತ್ತು. ಅನುಭವದಿಂದ ಆತನು ಅದನ್ನು ಬಿಟ್ಟನು. ಪದಗಳನ್ನು ಅರ್ಧರ್ಧಕ್ಕೆ ಮೊಟಕುಮಾಡಿ, ಕೆಟ್ಟ ಅಕ್ಷರದಲ್ಲಿ, ಪುಟಗಟ್ಟಲೆ ಬೇಗಬೇಗನೆ ಗೀಚಿಬಿಟ್ಟು, ಆಮೇಲೆ ನಿಧಾನವಾಗಿ ತಿದ್ದುವುದೇ ಕಾಲವನ್ನು ಉಳಿಸುತ್ತದೆಂದೂ, ಹೀಗೆ ಗೀಚಿದ ವಾಕ್ಯಗಳು ಎಷ್ಟೋ ವೇಳೆ ಯೋಚಿಸಿ ಬರೆದವುಗಳಿಗಿಂತ ಚೆನ್ನಾಗಿರುತ್ತವೆಂದೂ ಆತ್ಮಕಥೆಯಲ್ಲಿ ತಿಳಿಸಿದ್ದಾನೆ.

ಇದಕ್ಕಾಗಿ ಆತನು ಹೂಡಿದ ಉಪಾಯವೊಂದು ನಮಗೆ ಬಹಳ ಹಿಡಿಸಿದೆ. ಒಳ್ಳೆಯ ಕಾಗದದ ಮೇಲೆ ಬರೆಯಲು ಕುಳಿತರೆ ಕೈ ತಾನಾಗಿ ಎಚ್ಚರಿಕೆ ವಹಿಸಿ ತಡೆಯುತ್ತಿತ್ತಂತೆ. ಅದಕ್ಕಾಗಿ ಮೊದಲ ಕರಡನ್ನು ಹಳೆಯ ಕರಡಚ್ಚುಗಳ, ಹಳೆಯ ಹಸ್ತಪ್ರತಿಗಳ ಬೆನ್ನಿನ ಮೇಲೆ ಬರೆಯುತ್ತಿದ್ದನು. ಕಾಗದವೇ ರದ್ದಿಯಾದಮೇಲೆ ಅದರ ಮೇಲೆ ತಪ್ಪು ಬರೆಯಲು ಯಾರು ಅಂಜುತ್ತಾರೆ? ಎರಡನೆಯ ಪ್ರತಿಗೆ ಮಾತ್ರ ಬೇರೆ ಹಾಳೆ. ಅದರಲ್ಲಿ ಗೆರೆಗಳ ನಡುವೆ ಅಗಲವಾದ ತೆರಪು. ಗೆರೆಗಳಿಲ್ಲದಿದ್ದರೆ ಆತನು ಒತ್ತೊತ್ತಾಗಿ ಬರೆದು, ತಿದ್ದುವುದಕ್ಕೆ ಎಡೆಯೇ ಉಳಿಯುತ್ತಿರಲಿಲ್ಲ. ಹೊಸ ನೋಟುಪುಸ್ತಕದ ಮೊದಲ ಪುಟವನ್ನು ಕೆಡಿಸಲು ಹೆದರುವ ನಮ್ಮ ವಿದ್ಯಾರ್ಥಿಗಳು ಮನೆಯಲ್ಲಿ ಬಿದ್ದಿರುವ ಹಳೆಯ ಪ್ರಶ್ನೆಪತ್ರಿಕೆಗಳ ಹಿಂಬದಿಯನ್ನು ಹೀಗೆ ಬಳಸಬಹುದು.

ಗೀಚುವುದೆಂದರೆ ಕಂಡದ್ದನ್ನೆಲ್ಲ ಗೀಚುವುದಲ್ಲ. ಅದಕ್ಕೆ ಮೊದಲೇ ಡಾರ್ವಿನ್ನನು ಎರಡು ಮೂರು ಪುಟಗಳಲ್ಲಿ ಇಡೀ ವಿಷಯದ ರೂಪರೇಖೆಯನ್ನು ಬರೆದುಕೊಳ್ಳುತ್ತಿದ್ದನು. ಆಮೇಲೆ ಅದನ್ನೇ ಇನ್ನೂ ಕೆಲವು ಪುಟಗಳಿಗೆ ಬೆಳೆಸುತ್ತಿದ್ದನು. ಒಂದೊಂದು ಪದವೋ ಎರಡು ಮೂರು ಪದಗಳೋ ಇಡೀ ಒಂದು ಚರ್ಚೆಯ ಬದಲಿಗೆ ನಿಂತಿರುತ್ತಿದ್ದವು. ಇವುಗಳಲ್ಲಿ ಒಂದೊಂದನ್ನೂ ಹಿಗ್ಗಿಸಿ, ಎಷ್ಟೋ ವೇಳೆ ಸ್ಥಾನಪಲ್ಲಟ ಮಾಡಿ, ಆಮೇಲೆಯೇ ವಿಸ್ತಾರವಾಗಿ ಬರೆಯತೊಡಗುತ್ತಿದ್ದನು. ಇನ್ನು ಸಾಮಗ್ರಿ: ಮೂವತ್ತು ನಲವತ್ತು ದೊಡ್ಡ ಕಡತಕೋಶಗಳು, ಹೆಸರು ಬರೆದು ಅಂಟಿಸಿದ ಬಡುಗಳಲ್ಲಿ ಸಾಲಾಗಿರುತ್ತಿದ್ದವು. ಯಾವುದಾದರೂ ಸಂಗತಿ ಕಣ್ಣಿಗೆ ಬಿದ್ದರೆ ಚೀಟಿಯಲ್ಲಿ ಬರೆದು ಆಯಾ ಕೋಶಕ್ಕೆ ಹಾಕುವುದು. ಓದಿದ ಪುಸ್ತಕದ ಕೊನೆಯ ಹಾಳೆಯಲ್ಲಿ ತನಗೆ ಬೇಕಾದ ಸಂಗತಿಗಳ ಪುಟಸಂಖ್ಯೆಗಳನ್ನು ಗುರುತುಹಾಕುವುದು. ಗ್ರಂಥವನ್ನು ಬರೆಯತೊಡಗುವ ಹೊತ್ತಿಗೆ ಬೇಕಾದುದೆಲ್ಲ ಕೈಗೆ ಸಿಕ್ಕುತ್ತಿತ್ತು. ತಾನು ಹೇಳುವ ಮಾತಿಗೆ ವಿರುದ್ಧವಾದ ಸಂಗತಿ ಎದುರಾದರೆ ಅದನ್ನು ಮಾತ್ರ ಆ ಕೂಡಲೇ ಬರೆದುಕೊಳ್ಳುವ ನಿಯಮವನ್ನು ಆತನು ಪಾಲಿಸುತ್ತಿದ್ದನು. ಅನುಕೂಲವಾದ ಸಂಗತಿಗಿಂತ ಪ್ರತಿಕೂಲವಾದದ್ದು ಬೇಗ ಮರೆತುಹೋಗುವುದೆಂಬುದನ್ನು ಆತನು ತನ್ನ ಅನುಭವದಿಂದಲೇ ಕಂಡುಕೊಂಡಿದ್ದನು.

ಈ ಪದ್ಧತಿಯ ಬೆಲೆ ತಿಳಿದದ್ದು ಒಂದು ಇಕ್ಕಟ್ಟಿನ ಕಾಲದಲ್ಲಿ. ಜೀವಿಜಾತಿಗಳು ಮಾರ್ಪಡುವುದನ್ನು ಕುರಿತ ಮೊದಲ ಟಿಪ್ಪಣಿಪುಸ್ತಕವನ್ನು ಡಾರ್ವಿನ್ನನು ತೆರೆದದ್ದು ೧೮೩೭ರಲ್ಲಿ. ೧೮೪೨ರಲ್ಲಿ ಪೆನ್ಸಿಲಿನಿಂದ ೩೫ ಪುಟಗಳ ಸಾರಾಂಶವನ್ನು ಬರೆದನು. ೧೮೪೪ರಲ್ಲಿ ಅದು ೨೩೦ ಪುಟಗಳಿಗೆ ಬೆಳೆಯಿತು. ಅದೇ ವರ್ಷ ಹೆಂಡತಿ ಎಮ್ಮಾಳಿಗೆ ಒಂದು ಪತ್ರವನ್ನು ಬರೆದಿಟ್ಟನು: ತಾನು ಅಕಸ್ಮಾತ್ ತೀರಿಹೋದರೆ ಈ ಬರೆಹದ ಪ್ರಕಟಣೆಗಾಗಿ ೪೦೦ ಪೌಂಡುಗಳನ್ನು ವ್ಯಯಮಾಡಬೇಕೆಂದು. ಆದರೆ ತೀರಿಹೋಗಲಿಲ್ಲ, ಪ್ರಕಟಿಸಲೂ ಇಲ್ಲ! ಮತ್ತೆ ಹನ್ನೆರಡು ವರ್ಷಗಳಾದ ಬಳಿಕ, ೧೮೫೬ರಲ್ಲಿ, ಬಹು ದೊಡ್ಡದೊಂದು ಗ್ರಂಥಕ್ಕೆ ಕೈಹಾಕಿದನು. ಅದು ನಡುವಿನಲ್ಲಿರುವಾಗಲೇ, ೧೮೫೮ರ ಜೂನಿನಲ್ಲಿ, ಮಲಯ ದ್ವೀಪಸ್ತೋಮದಿಂದ ಆಲ್ಫ್ರೆಡ್ ವ್ಯಾಲೇಸ್ ಎಂಬ ಪ್ರಕೃತಿವಿಜ್ಞಾನಿಯ ಲೇಖನವು ಅಂಚೆಯಲ್ಲಿ ಬಂದಿತು. ಡಾರ್ವಿನ್ನನು ಇಪ್ಪತ್ತು ವರ್ಷ ಮನಸ್ಸಿನಲ್ಲಿ ಪೋಷಿಸಿದ್ದ ತತ್ತ್ವವೇ ಅದರಲ್ಲಿತ್ತು. ಮಿತ್ರರು ಇಬ್ಬರ ಬರೆಹಗಳನ್ನೂ ಜುಲೈ ೧ರಂದು ಲಂಡನ್ನಿನ ಲಿನಿಯನ್ ಸೊಸೈಟಿಯಲ್ಲಿ ಒಟ್ಟಿಗೆ ಓದಿಸಿ ಇಬ್ಬರ ಮಾನವನ್ನೂ ಉಳಿಸಿದರು. ಆಮೇಲೆ ಡಾರ್ವಿನ್ನನು ದೊಡ್ಡ ಗ್ರಂಥವನ್ನು ಬದಿಗಿಟ್ಟು, ಅದರ ಸಂಗ್ರಹರೂಪವನ್ನು ಹದಿಮೂರು ತಿಂಗಳು ಹತ್ತು ದಿನಗಳ ದುಡಿಮೆಯಲ್ಲಿ ಮುಗಿಸಿದನು. ಜಗತ್ತು ಇಂದಿಗೂ ಓದುತ್ತಿರುವುದು ಆ ಸಂಗ್ರಹವನ್ನೇ. ಕಡತಕೋಶಗಳಿಲ್ಲದಿದ್ದರೆ ಅಷ್ಟು ಬೇಗ ಬರೆಯಲು ಆಗುತ್ತಿರಲಿಲ್ಲ. ಇಕ್ಕಟ್ಟು ಬಾರದಿದ್ದರೆ ಅಷ್ಟು ಚಿಕ್ಕದಾಗಿ ಬರೆಯುತ್ತಲೂ ಇರಲಿಲ್ಲವೆಂದು ನಮಗೆ ತೋರುತ್ತದೆ. ಸಾಮಗ್ರಿಯನ್ನು ಕೂಡಿಹಾಕುವ ಸುಖವು ಬರೆಯುವುದನ್ನು ಮುಂದೂಡುವ ನೆಪವೂ ಆಗಬಲ್ಲದು.

ಒಬ್ಬ ಮಹಾಪುರುಷನಿಗೆ ಒಗ್ಗಿದ್ದು ಎಲ್ಲರಿಗೂ ಒಗ್ಗುವುದೆ? ಇದನ್ನು ಪ್ರಯೋಗದಿಂದ ಪರೀಕ್ಷಿಸಿದವರೂ ಉಂಟು. ಅಮೆರಿಕದ ರೊನಾಲ್ಡ್ ಕೆಲಾಗ್ ೧೯೮೮ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಕಾಲೇಜಿನ ವಿದ್ಯಾರ್ಥಿಗಳಿಂದ ಪತ್ರಗಳನ್ನು ಬರೆಯಿಸಿದನು. ಕೆಲವರು ಮೊದಲು ರೂಪರೇಖೆಯನ್ನು ಹಾಕಿಕೊಂಡರು, ಕೆಲವರು ಹಾಕಿಕೊಳ್ಳಲಿಲ್ಲ. ಕೆಲವರು ಒರಟು ಕರಡನ್ನು ಗೀಚಿ ತಿದ್ದಿದರು, ಕೆಲವರು ಮೊದಲಿನಿಂದಲೇ ಅಚ್ಚುಕಟ್ಟಾಗಿ ಬರೆದರು. ರೂಪರೇಖೆ ಹಾಕಿಕೊಂಡವರ ಬರೆಹವು ಸ್ಪಷ್ಟವಾಗಿ ಮೇಲಾಗಿತ್ತು. ಒರಟು ಕರಡಿಗೂ ಅಚ್ಚುಕಟ್ಟಿನ ಕರಡಿಗೂ ಕೊನೆಯ ಗುಣದಲ್ಲಿ ಅಂಥ ಅಂತರ ಕಾಣಲಿಲ್ಲ. ಆದುದರಿಂದ ಗೀಚುವ ಪದ್ಧತಿ ನಿಮಗೆ ಒಗ್ಗದಿದ್ದರೆ ಬಿಡಬಹುದು; ಮೊದಲ ವಾಕ್ಯದಲ್ಲಿಯೇ ಸಿಕ್ಕಿಕೊಳ್ಳುವ ಸ್ವಭಾವದವರು ಮಾತ್ರ ಅದನ್ನೊಮ್ಮೆ ಪ್ರಯತ್ನಿಸಿ ನೋಡಬೇಕು. ರೂಪರೇಖೆಯನ್ನು ಯಾರೂ ಬಿಡಬಾರದು. ಪರೀಕ್ಷೆಯಲ್ಲಿ ದೀರ್ಘ ಉತ್ತರಕ್ಕೆ ಇಪ್ಪತ್ತು ನಿಮಿಷವಿದ್ದರೆ, ಮೂರು ನಿಮಿಷಗಳನ್ನು ಕೊನೆಯ ಪುಟದಲ್ಲಿ ಐದಾರು ಪದಗಳ ಪಟ್ಟಿಗಾಗಿ ಕಳೆಯುವುದು ನಷ್ಟವಲ್ಲ.

ಟಿಪ್ಪಣಿಗಳನ್ನು ಬರೆದಿಡುವುದು ಸುಲಭ, ಬೇಕಾದಾಗ ಹುಡುಕಿ ತೆಗೆಯುವುದೇ ಕಷ್ಟವೆಂದು ಕೆಲವರು ಹೇಳಬಹುದು. ವಿದ್ಯುತ್ತಿನ ಶಾಸ್ತ್ರಕ್ಕೆ ತಳಹದಿ ಹಾಕಿದ ಮೈಕೆಲ್ ಫ್ಯಾರಡೆಗೂ ಇದೇ ಚಿಂತೆಯಿತ್ತು. ತನ್ನ ನೆನಪಿನ ಶಕ್ತಿ ಕುಂದುತ್ತಿದೆಯೆಂದು ಆತನು ಕೊರಗುತ್ತಿದ್ದನು. ಆತನು ಕಂಡುಕೊಂಡ ಮಾರ್ಗ ಅತಿ ಸರಳ. ೧೮೩೨ರಿಂದ ತನ್ನ ಪ್ರಯೋಗದ ದಿನಚರಿಯ ಪ್ರತಿಯೊಂದು ಪರಿಚ್ಛೇದಕ್ಕೂ ಒಂದು ಅಂಕಿಯನ್ನು ಹಾಕತೊಡಗಿದನು. ೧೮೬೦ರ ಹೊತ್ತಿಗೆ ಆ ಅಂಕಿಗಳು ೧೬,೦೦೦ವನ್ನು ದಾಟಿದವು. ಒಂದು ಸಂಗತಿಯನ್ನು ಹಿಂದಿನ ಇನ್ನೊಂದರೊಡನೆ ಹೊಂದಿಸಬೇಕಾದರೆ ಅದರ ಅಂಕಿಯನ್ನು ಬರೆದರಾಯಿತು. ಶಾಲೆಯ ಓದು ಹೆಚ್ಚಿಲ್ಲದೆ ಪುಸ್ತಕಗಳಿಗೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದ ಈ ಹುಡುಗನಿಗೆ ವಿಜ್ಞಾನದ ಬಾಗಿಲನ್ನು ತೆರೆದದ್ದೂ ಟಿಪ್ಪಣಿಗಳೇ. ಹಂಫ್ರಿ ಡೇವಿಯ ಉಪನ್ಯಾಸಗಳನ್ನು ೧೮೧೨ರಲ್ಲಿ ಕೇಳಿ, ಬರೆದುಕೊಂಡು, ವಿಸ್ತರಿಸಿ, ತಾನೇ ರಟ್ಟು ಕಟ್ಟಿ ಡೇವಿಗೆ ಕಳುಹಿಸಿದನು. ಮರುವರ್ಷ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಕೆಲಸ ದೊರಕಿತು.

ಬರೆಹವನ್ನು ಕಲಿಯುವ ಅಭ್ಯಾಸವೊಂದನ್ನು ಬೆಂಜಮಿನ್ ಫ್ರಾಂಕ್ಲಿನ್ನನಿಂದ ಪಡೆಯಬಹುದು. ಮಿಂಚು ವಿದ್ಯುತ್ತೆಂದು ಸಾರಿದ ಈತನು ಹುಡುಗನಾಗಿದ್ದಾಗ ಅಣ್ಣನ ಅಚ್ಚುಕೂಟದಲ್ಲಿ ದುಡಿಯುತ್ತಿದ್ದನು. ಮಗನ ಬರೆಹದಲ್ಲಿ ಸೊಗಸೂ ಕ್ರಮವೂ ಸಾಲದೆಂದು ತಂದೆಯು ಎತ್ತಿತೋರಿಸಿದನು. ಹುಡುಗನು ಬೇಸರಪಡಲಿಲ್ಲ. ಸ್ಪೆಕ್ಟೇಟರ್ ಎಂಬ ಪತ್ರಿಕೆಯ ಬಿಡಿ ಸಂಪುಟವೊಂದನ್ನು ಕೊಂಡು, ಅದರ ಪ್ರಬಂಧಗಳಲ್ಲಿ ಒಂದೊಂದು ವಾಕ್ಯದ ಭಾವವನ್ನೂ ಒಂದೆರಡು ಪದಗಳಲ್ಲಿ ಗುರುತುಹಾಕಿಕೊಂಡು, ಕೆಲವು ದಿನ ಬಿಟ್ಟು, ಪುಸ್ತಕವನ್ನು ನೋಡದೆ ಪ್ರಬಂಧವನ್ನು ತನ್ನ ಮಾತುಗಳಲ್ಲಿಯೇ ಪೂರ್ತಿಮಾಡುತ್ತಿದ್ದನು. ಅನಂತರ ಮೂಲದೊಡನೆ ಹೋಲಿಸಿ ತಿದ್ದಿಕೊಳ್ಳುತ್ತಿದ್ದನು. ಕೆಲವೊಮ್ಮೆ ಆ ಗುರುತುಗಳನ್ನು ಬೇಕೆಂದೇ ಕಲಸಿಬಿಟ್ಟು, ವಾರಗಳ ಮೇಲೆ ಮತ್ತೆ ಕ್ರಮಪಡಿಸುತ್ತಿದ್ದನು. ಇದೆಲ್ಲಕ್ಕೂ ಆತನಿಗೆ ಬಿಡುವಿದ್ದದ್ದು ಕೆಲಸ ಮುಗಿದ ರಾತ್ರಿ, ಕೆಲಸಕ್ಕೆ ಮುಂಚಿನ ಮುಂಜಾವು, ಮತ್ತು ಭಾನುವಾರ.

ಈ ಅಭ್ಯಾಸದಿಂದ ಇನ್ನೊಂದು ಲಾಭವೂ ಉಂಟು. ಓದಿದ ಪಾಠವನ್ನು ಮತ್ತೆ ಮತ್ತೆ ಓದಿದವರಿಗಿಂತ, ಪುಸ್ತಕವನ್ನು ಮುಚ್ಚಿ ನೆನಪಿನಿಂದ ಬರೆಯಲು ಯತ್ನಿಸಿದವರು ಒಂದು ವಾರದ ಬಳಿಕ ಹೆಚ್ಚು ನೆನಪಿಟ್ಟುಕೊಂಡಿದ್ದರೆಂದು ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ೨೦೦೬ರಲ್ಲಿ ತೋರಿಸಿದರು. ಐದು ನಿಮಿಷಗಳ ಬಳಿಕ ಕೇಳಿದಾಗ ಮಾತ್ರ ಮತ್ತೆ ಓದಿದವರೇ ಮುಂದಿದ್ದರು. ಬಾಯಿಪಾಠದ ಮೋಸವು ಇಲ್ಲಿಯೇ ಇದೆ. ಕನ್ನಡದಲ್ಲಿ ಈ ಅಭ್ಯಾಸಕ್ಕೆ ಸಾಮಗ್ರಿಯನ್ನು ದೂರ ಹುಡುಕಬೇಕಾಗಿಲ್ಲ. ಸಸ್ಯವಿಜ್ಞಾನಿ ಬಿ. ಜಿ. ಎಲ್. ಸ್ವಾಮಿಯವರ 'ಹಸುರು ಹೊನ್ನು', ೧೯೭೮ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಗ್ರಂಥ, ಯಾವ ಗ್ರಂಥಾಲಯದಲ್ಲಿಯೂ ಕೇಳಿನೋಡಬಹುದಾದದ್ದು. ಗಿಡಮರಗಳ ವಿಷಯವನ್ನು ನಗೆಯಾಡುತ್ತ ಹೇಳಿಯೂ ಶಾಸ್ತ್ರವನ್ನು ಕೆಡಿಸದಿರುವುದು ಹೇಗೆಂಬುದನ್ನು ಅದರ ಯಾವ ಅಧ್ಯಾಯದಿಂದಲಾದರೂ ಕಲಿಯಬಹುದು.

ಪ್ರತಿದಿನ ಎಷ್ಟು ಬರೆಯಬೇಕು? ಇಂಗ್ಲೆಂಡಿನ ಕಾದಂಬರಿಕಾರ ಆಂಥೊನಿ ಟ್ರಾಲಪ್ ಅಂಚೆ ಇಲಾಖೆಯ ನೌಕರಿಯಲ್ಲಿದ್ದುಕೊಂಡೇ, ಬೆಳಿಗ್ಗೆ ಐದೂವರೆಗೆ ಮೇಜಿನ ಮುಂದೆ ಕುಳಿತು, ಗಡಿಯಾರವನ್ನು ಎದುರಿಗಿಟ್ಟುಕೊಂಡು, ಕಾಲು ಗಂಟೆಗೆ ೨೫೦ ಪದಗಳಂತೆ ಬರೆಯುತ್ತಿದ್ದನು. ಹೀಗೆ ೪೭ ಕಾದಂಬರಿಗಳು ಹೊರಬಂದವು. ಗಡಿಯಾರದ ಕಾವಲು ಎಲ್ಲರಿಗೂ ಬೇಡ. ಆದರೆ ಆತನ ಇನ್ನೊಂದು ಪದ್ಧತಿ ಅನುಸರಿಸತಕ್ಕದ್ದು: ಮೊದಲ ಅರ್ಧ ಗಂಟೆಯನ್ನು ಆತನು ಹಿಂದಿನ ದಿನ ಬರೆದುದನ್ನು ಓದಲು ಮೀಸಲಿಡುತ್ತಿದ್ದನು. ಕಿವಿಗೆ ಹಿಂದಿನ ವಾಕ್ಯಗಳ ಧಾಟಿ ಸಿಕ್ಕಿದಮೇಲೆ ಮುಂದಿನವು ತಾವಾಗಿ ಎದ್ದುಬರುತ್ತವೆ.

ಇನ್ನು ತಿದ್ದುವ ಮಾತು. ಕನ್ನಡದಲ್ಲಿ ಬರೆಯುವವರು ಇಲ್ಲಿ ಒಂದು ವಿಶೇಷವನ್ನು ಗಮನಿಸಬೇಕು. ನಮ್ಮ ಭಾಷೆಯಲ್ಲಿ ಕ್ರಿಯಾಪದವು ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುತ್ತದೆ. ವಿಶೇಷಣಗಳೆಲ್ಲ ನಾಮಪದದ ಮುಂದುಗಡೆ ಸಾಲುಗಟ್ಟುತ್ತವೆ. ಆದುದರಿಂದ ವಾಕ್ಯವು ಉದ್ದವಾದಷ್ಟೂ ಓದುಗನು ಹೆಚ್ಚು ಅಂಶಗಳನ್ನು ಹೊತ್ತುಕೊಂಡು ಕೊನೆಯವರೆಗೆ ಕಾಯಬೇಕಾಗುತ್ತದೆ. ಅವನ ಮೇಜೂ ನಮ್ಮದರಷ್ಟೇ ಚಿಕ್ಕದು. ಈ ವಾಕ್ಯವನ್ನು ನೋಡಿ:

ಸೂರ್ಯನ ಬೆಳಕು ಬೀಳುವ, ಬೇರಿನಿಂದ ನೀರು ದೊರೆಯುವ, ಹವೆಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಸಣ್ಣ ರಂಧ್ರಗಳ ಮೂಲಕ ಒಳಗೆ ಸೆಳೆದುಕೊಳ್ಳುವ ಹಸುರೆಲೆಗಳಲ್ಲಿ ಪತ್ರಹರಿತ್ತಿನ ನೆರವಿನಿಂದ ಸಕ್ಕರೆಯ ತಯಾರಿಕೆಯ ಕಾರ್ಯವು ನಡೆಸಲ್ಪಡುತ್ತದೆ.

ವ್ಯಾಕರಣದೋಷವೇನೂ ಇಲ್ಲ. ಆದರೂ ಸಕ್ಕರೆಯ ಹೆಸರು ಬರುವ ಹೊತ್ತಿಗೆ ಸೂರ್ಯನು ಮರೆತುಹೋಗಿರುತ್ತಾನೆ. ಇದನ್ನೇ ಹೀಗೆ ಬಿಡಿಸಬಹುದು:

ಹಸುರೆಲೆಯು ಸಕ್ಕರೆಯನ್ನು ತಯಾರಿಸುತ್ತದೆ. ಅದಕ್ಕೆ ನೀರು, ಇಂಗಾಲದ ಡೈಆಕ್ಸೈಡ್, ಬೆಳಕು ಮೂರೂ ಬೇಕು. ನೀರು ಬೇರಿನಿಂದ ಏರಿಬರುತ್ತದೆ. ಅನಿಲವು ಹವೆಯಿಂದ ಎಲೆಯ ಸಣ್ಣ ರಂಧ್ರಗಳ ಮೂಲಕ ಒಳಸೇರುತ್ತದೆ. ಸೂರ್ಯನ ಬೆಳಕನ್ನು ಹಿಡಿಯುವುದು ಪತ್ರಹರಿತ್ತು ಎಂಬ ಹಸುರು ವಸ್ತು.

ಸಂಗತಿ ಒಂದೂ ಬಿಟ್ಟುಹೋಗಿಲ್ಲ. 'ನಡೆಸಲ್ಪಡುತ್ತದೆ' ಎಂಬುದು ಮಾತ್ರ ಮಾಯವಾಯಿತು. ನಮ್ಮ ಮನೆಗಳಲ್ಲಿ ಅನ್ನವು ಬಡಿಸಲ್ಪಡುವುದಿಲ್ಲ, ಅಮ್ಮ ಬಡಿಸುತ್ತಾಳೆ; ಪಾಠದ ಕನ್ನಡದಲ್ಲಿ ಮಾತ್ರ ಎಲ್ಲವೂ ಮಾಡಲ್ಪಡುತ್ತದೆ. ಬೆಂಗಳೂರಿನಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶಯ್ಯಂಗಾರ್ಯರು 'ವಿಜ್ಞಾನ' ಎಂಬ ಮಾಸಪತ್ರಿಕೆಯನ್ನು ಆರಂಭಿಸಿದ ೧೯೧೮ರಿಂದ ಲೆಕ್ಕ ಹಿಡಿದರೂ ಕನ್ನಡದಲ್ಲಿ ಶಾಸ್ತ್ರವಿಷಯದ ಬರೆಹಕ್ಕೆ ನೂರು ವರ್ಷ ತುಂಬಿದೆ. ಇಂಗ್ಲಿಷಿನ ಕರ್ಮಣಿಪ್ರಯೋಗದ ನೆರಳು ಇನ್ನೂ ಬಿಟ್ಟಿಲ್ಲ. ಇದನ್ನು ಹಿಡಿಯಲು ಬರೆದುದನ್ನು ಗಟ್ಟಿಯಾಗಿ ಓದುವುದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಕಣ್ಣು ಕ್ಷಮಿಸುವುದನ್ನು ನಾಲಿಗೆ ಕ್ಷಮಿಸುವುದಿಲ್ಲ. ಉಸಿರು ಕಟ್ಟಿದ ಕಡೆ ವಾಕ್ಯವನ್ನು ಮುರಿಯಬೇಕು.

ಇಂದಿನ ವಿದ್ಯಾರ್ಥಿಗಳಿಗೆ ಡಾರ್ವಿನ್ನನಿಗಿಲ್ಲದ ಸಾಧನಗಳಿವೆ. ಜೇಬಿನ ಮೊಬೈಲು ಚೀಟಿಯ ಕೆಲಸವನ್ನೂ ಕಡತಕೋಶದ ಕೆಲಸವನ್ನೂ ಮಾಡಬಲ್ಲದು. ಬಾಯಿಂದ ಹೇಳಿದುದನ್ನು ಅಕ್ಷರಕ್ಕಿಳಿಸಲೂಬಲ್ಲದು. ಗೆಳೆಯನಿಗೆ ಹೇಳಬಲ್ಲೆ, ಬರೆಯಲಾರೆ ಎನ್ನುವವರಿಗೆ ಇದು ನಿಜವಾದ ನೆರವು. ಆದರೆ ಗಣಕಯಂತ್ರದಲ್ಲಿ ಒಂದು ಅಪಾಯವಿದೆ. ಅಕ್ಷರಗಳು ಮೊದಲ ಗಳಿಗೆಯಲ್ಲಿಯೇ ಅಚ್ಚಾದಂತೆ ಕಾಣುವುದರಿಂದ, ಕರಡನ್ನು ಮುಗಿಸುವುದಕ್ಕೆ ಮೊದಲೇ ತಿದ್ದುವ ಆಸೆ ಹುಟ್ಟುತ್ತದೆ. ಅಳಿಸಿದ್ದರ ಗುರುತೂ ಉಳಿಯುವುದಿಲ್ಲ. ಅಳಿಸುವ ಬದಲು ಕಡತದ ಕೊನೆಗೆ ಸಾಗಿಸಿದರೆ, ಬೇಡವೆಂದು ತೆಗೆದ ಮಾತು ಮುಂದೆ ಬೇಕಾದಾಗ ಅಲ್ಲಿಯೇ ಇರುತ್ತದೆ. ಕೊನೆಯ ತಿದ್ದುಪಡಿಯನ್ನು, ಸಾಧ್ಯವಿದ್ದರೆ, ಕಾಗದದ ಮೇಲೆ ಮುದ್ರಿಸಿಕೊಂಡು ಮಾಡುವುದು ಲೇಸು. ಬರೆಯುವ ಹೊತ್ತಿನಲ್ಲಿ ಮೊಬೈಲು ಬೇರೆ ಕೋಣೆಯಲ್ಲಿರಲಿ.

ತಿದ್ದಿದ ಪ್ರತಿಯನ್ನು ಇನ್ನೊಬ್ಬರು ಓದಬೇಕು. ಬರೆದವನಿಗೆ ವಿಷಯವು ಮೊದಲೇ ತಿಳಿದಿರುವುದರಿಂದ ಬಿಟ್ಟುಹೋದ ಮೆಟ್ಟಲು ಅವನ ಕಣ್ಣಿಗೆ ಬೀಳುವುದಿಲ್ಲ. ಡಾರ್ವಿನ್ನನ ಬರೆಹವನ್ನು ಶುದ್ಧವಾಗಿ ನಕಲುಮಾಡಿಕೊಡುತ್ತಿದ್ದವನು ಹಳ್ಳಿಯ ಶಾಲೆಯ ಉಪಾಧ್ಯಾಯ. ೧೮೫೯ರ ಗ್ರಂಥದ ಕರಡಚ್ಚುಗಳನ್ನು ಓದಿ ನೋಡಿದವಳು ಎಮ್ಮಾ. ಅಚ್ಚಿನಲ್ಲಿ ಕಂಡಮೇಲೆಯೇ ಆತನಿಗೆ ತನ್ನ ಶೈಲಿಯ ದೋಷಗಳು ಕಾಣುತ್ತಿದ್ದವು. ಆ ಗ್ರಂಥದ ಕರಡಚ್ಚುಗಳಲ್ಲಿ ಎಷ್ಟು ತಿದ್ದಿದನೆಂದರೆ, ಅದರ ವೆಚ್ಚವನ್ನು ತಾನೇ ಕೊಡುವುದಾಗಿ ಪ್ರಕಾಶಕ ಜಾನ್ ಮರ್ರೆಗೆ ಬರೆಯಬೇಕಾಯಿತು. ಮೊದಲ ಮುದ್ರಣದ ೧,೨೫೦ ಪ್ರತಿಗಳು ಹೊರಬಂದಮೇಲೆ ಹಸ್ತಪ್ರತಿಯಿಂದ ಆತನಿಗೆ ಕೆಲಸವಿರಲಿಲ್ಲ. ಹಾಳೆಗಳನ್ನು ಮಕ್ಕಳು ಚಿತ್ರ ಬರೆಯಲು ತೆಗೆದುಕೊಂಡರು. ಆ ಹಸ್ತಪ್ರತಿಯಲ್ಲಿ ಇಂದು ಉಳಿದಿರುವುದು ಕೆಲವೇ ಹಾಳೆಗಳು. ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಗ್ರಂಥಾಲಯದಲ್ಲಿರುವ ಅಂಥದೊಂದು ಹಾಳೆಯ ಬೆನ್ನಿನ ಮೇಲೆ ಹಣ್ಣುತರಕಾರಿಗಳ ಸಿಪಾಯಿಗಳು ಬಣ್ಣಬಣ್ಣವಾಗಿ ಕಾದಾಡುತ್ತಿದ್ದಾರೆ.